ಮಧುಮೇಹದ ಅಧ್ಯಯನವನ್ನು ವೈದ್ಯಕೀಯ ಜರ್ನಲ್‌ಗೆ ಕಳುಹಿಸುವ ಮುನ್ನ

ಪ್ರಶ್ನೆ: ನಾನು ವಿರಾಜಪೇಟೆ ಕಡೆ ಹದಿನಾಲ್ಕು ವರ್ಷಗಳಿಂದ ಕ್ಲಿನಿಕ್ ನಡೆಸುತ್ತಿರುವ ವೈದ್ಯೆ. ಎರಡು ವರ್ಷಗಳ ಹಿಂದೆ ಸಿದ್ದಾಪುರ ಮತ್ತು ಅಮ್ಮತ್ತಿ ಸುತ್ತಲಿನ ಆರು ಕಾಫಿ ತೋಟಗಳಲ್ಲಿ ಆರೋಗ್ಯ ಶಿಬಿರ ನಡೆಸಿ 412 ಕಾರ್ಮಿಕರ ರಕ್ತದ ಸಕ್ಕರೆಯನ್ನು ಗ್ಲುಕೋಮೀಟರ್‌ನಲ್ಲಿ ನೋಡಿದೆವು. ಹೆಚ್ಚಿಗೆ ಬಂದವರಿಗೆ ಎಚ್‌ಬಿಎ1ಸಿ (ಕಳೆದ ಎರಡು ಮೂರು ತಿಂಗಳ ಸರಾಸರಿ ಸಕ್ಕರೆ ತಿಳಿಸುವ) ಪರೀಕ್ಷೆ ಮಾಡಿಸಿದೆವು. ಆಗ ಅದನ್ನು ಸಂಶೋಧನೆ ಎಂದುಕೊಂಡಿರಲಿಲ್ಲ, ಹಾಗಾಗಿ ಎಥಿಕ್ಸ್ ಕಮಿಟಿಯ (ಸಂಶೋಧನೆಯ ನೈತಿಕತೆ ಪರಿಶೀಲಿಸುವ ಸಮಿತಿಯ) ಅನುಮತಿ ಪಡೆದಿಲ್ಲ. ಈಗ ‘ಕೊಡಗು ಜಿಲ್ಲೆಯಲ್ಲಿ ಟೈಪ್ 2 ಮಧುಮೇಹದ ವ್ಯಾಪಕತೆ’ ಎಂಬ ಹಸ್ತಪ್ರತಿ ಸಿದ್ಧವಾಗಿದ್ದು, ಅದನ್ನು ನಿಮಗೂ ಕಳುಹಿಸಿದ್ದೇನೆ. ಯಾವ ಜರ್ನಲ್‌ಗೆ ಕಳುಹಿಸಬೇಕು? ಹತ್ತೇ ದಿನದಲ್ಲಿ ಪ್ರಕಟಿಸುತ್ತೇವೆ ಎಂದು ಒಂದು ಜರ್ನಲ್‌ನಿಂದ ಇಮೇಲ್ ಬಂದಿದೆ, ಅದನ್ನು ನಂಬಬಹುದೇ? ಶಿಬಿರಕ್ಕೆ ಜೀಪು ಕೊಟ್ಟ ತೋಟದ ಮಾಲೀಕರ ಹೆಸರನ್ನು ಲೇಖಕರ ಪಟ್ಟಿಯಲ್ಲಿ ಸೇರಿಸಬಹುದೇ? ನನ್ನ ಇಂಗ್ಲಿಷ್ ಅಷ್ಟಕ್ಕಷ್ಟೇ; ಎಐ ಸಹಾಯ ಪಡೆದರೆ ತಪ್ಪೇ?

ಉತ್ತರ: ಡಾಕ್ಟರೇ, ನಿಮ್ಮ ಹಸ್ತಪ್ರತಿಯನ್ನು ಎರಡು ಸಲ ಓದಿದೆ. ಮೊದಲ ಸಲ ಇದೇ ಜಿಲ್ಲೆಯವನಾಗಿ ಓದಿ ಸಂತೋಷಪಟ್ಟೆ. ತೋಟದ ಲೈನ್ ಮನೆಗಳಿಗೆ (ಕಾರ್ಮಿಕರ ಸಾಲುಮನೆಗಳಿಗೆ) ಹೋಗಿ ಬೆರಳು ಚುಚ್ಚಿ ರಕ್ತ ತೆಗೆದು ದಾಖಲೆ ಇಟ್ಟವರು ನಮ್ಮಲ್ಲಿ ಹೆಚ್ಚಿಲ್ಲ. ಎರಡನೆಯ ಸಲ, ಹಲವು ವರ್ಷ ಜರ್ನಲ್‌ಗಳಿಗೆ ವಿಮರ್ಶಕನಾಗಿ ಕೆಲಸ ಮಾಡಿದ ಅಭ್ಯಾಸದಂತೆ ಪೆನ್ಸಿಲ್ ಹಿಡಿದು ಕುಳಿತೆ, ಅದು ಶೀರ್ಷಿಕೆಯಲ್ಲೇ ನಿಂತುಬಿಟ್ಟಿತು. ನೀವು ಕೇಳಿರುವ ನಾಲ್ಕು ಪ್ರಶ್ನೆಗಳಿಗೂ ಉತ್ತರಿಸುತ್ತೇನೆ, ಆದರೆ ನೀವು ಕೇಳದೇ ಬಿಟ್ಟ ಐದನೆಯದರಿಂದ ಆರಂಭಿಸಬೇಕಾಗಿದೆ, ಏಕೆಂದರೆ ಉಳಿದವೆಲ್ಲ ಅದರ ಮೇಲೆ ನಿಂತಿವೆ. ನೀವು ಅಳೆದದ್ದು ಯಾರನ್ನು, ಹೇಳುತ್ತಿರುವುದು ಯಾರ ಬಗ್ಗೆ?

ನಿಮ್ಮ ಶೀರ್ಷಿಕೆ ಕೊಡಗು ಜಿಲ್ಲೆಯದು. ಒಳಗಿರುವುದು ಆರು ತೋಟಗಳ ಕಾರ್ಮಿಕರು. ಅವರಲ್ಲೂ ಶಿಬಿರದ ದಿನ ಸರತಿಯಲ್ಲಿ ಬಂದು ನಿಂತವರು ಮಾತ್ರ. ಮಡಿಕೇರಿಯ ಅಂಗಡಿಯವರು, ಕುಶಾಲನಗರದ ಬಸ್ ಚಾಲಕರು, ನಾಪೋಕ್ಲಿನ ಗದ್ದೆ ಮಾಡುವವರು, ಸೋಮವಾರಪೇಟೆಯ ಶಾಲಾ ಶಿಕ್ಷಕರು ಇದರಲ್ಲಿ ಯಾರೂ ಇಲ್ಲ. ವ್ಯಾಪಕತೆ ಎಂಬ ಪದ ಬಳಸಿದೊಡನೆ ವಿಮರ್ಶಕರು ಕೇಳುವುದು ಛೇದ ಯಾವುದು ಎಂದು, ಅಂದರೆ ಎಷ್ಟು ಜನರ ಪೈಕಿ ಇಷ್ಟು ಜನ ಎಂದು. ತೋಟದ ರೈಟರ್ (ಲೆಕ್ಕ ಬರೆಯುವ ಗುಮಾಸ್ತ) ಬಳಿ ಇರುವ ಹಾಜರಿ ಪುಸ್ತಕದಲ್ಲಿ ಆ ತಿಂಗಳು ಒಟ್ಟು ಎಷ್ಟು ಹೆಸರುಗಳಿದ್ದವು, ಅವರಲ್ಲಿ ಎಷ್ಟು ಮಂದಿ ಶಿಬಿರಕ್ಕೆ ಬಂದರು, ಬಾರದವರು ಯಾರು ಎಂಬ ಲೆಕ್ಕ ಹಸ್ತಪ್ರತಿಯಲ್ಲಿ ಎಲ್ಲಿಯೂ ಇಲ್ಲ. ಈ ಒಂದು ಲೆಕ್ಕವನ್ನು ತರಲು ನಿಮಗೆ ಅರ್ಧ ದಿನದ ಓಡಾಟ ಸಾಕು. ಇದಿಲ್ಲದೆ ಹೋದರೆ ಒಳ್ಳೆಯ ಜರ್ನಲ್ ಒಂದೂ ಈ ಲೇಖನವನ್ನು ವಿಮರ್ಶಕರ ತನಕ ತಲುಪಿಸುವುದಿಲ್ಲ.

ಬಾರದವರ ಬಗ್ಗೆ ಇನ್ನೂ ಸ್ವಲ್ಪ ಹೇಳುತ್ತೇನೆ. ನಿಮ್ಮ ಮೊದಲ ಕೋಷ್ಟಕದಲ್ಲಿ ಹೆಂಗಸರ ಸಂಖ್ಯೆ ಗಂಡಸರಿಗಿಂತ ಎದ್ದು ಕಾಣುವಷ್ಟು ಹೆಚ್ಚಿದೆ. ಚರ್ಚೆಯ ಭಾಗದಲ್ಲಿ ‘ಮಹಿಳೆಯರು ಆರೋಗ್ಯದ ಬಗ್ಗೆ ಹೆಚ್ಚು ಕಾಳಜಿ ವಹಿಸುತ್ತಾರೆ’ ಎಂದು ಬರೆದು ಮುಂದೆ ಹೋಗಿದ್ದೀರಿ. ಆದರೆ ವಿಧಾನದ ಭಾಗದಲ್ಲಿ, ಕೆಲಸಕ್ಕೆ ಅಡ್ಡಿಯಾಗದಿರಲೆಂದು ವಾರದ ರಜೆಯ ದಿನ ಶಿಬಿರ ಇಟ್ಟೆವು ಎಂದಿದ್ದೀರಿ. ವಾರದ ರಜೆ ಎಂದರೆ ತೋಟದಲ್ಲಿ ಸಂತೆಯ ದಿನ. ಬೆಳಿಗ್ಗೆ ಎಂಟಕ್ಕೆ ಪಿಕಪ್ ಹತ್ತಿ ಪೇಟೆಗೆ ಹೋದ ಗಂಡಸರು ನಿಮ್ಮ ಮೇಜಿನ ಮುಂದೆ ಬಂದಿರಲಿಕ್ಕಿಲ್ಲ. ಅಸ್ಸಾಂ ಕಡೆಯಿಂದ ಕೊಯ್ಲಿಗೆಂದು ಬರುವ ಕಾರ್ಮಿಕರು ಇದ್ದರೋ ಇಲ್ಲವೋ ಎಂಬುದು ಶಿಬಿರ ಯಾವ ತಿಂಗಳು ನಡೆಯಿತು ಎಂಬುದನ್ನು ಅವಲಂಬಿಸಿದೆ. ರೋಬಸ್ಟಾ ಕೊಯ್ಲಿನ ಕಾಲಕ್ಕೂ ಜುಲೈ ಮಳೆಗೂ ಲೈನ್ ಮನೆಯಲ್ಲಿರುವ ಜನ ಒಂದೇ ಅಲ್ಲ, ಅವರು ದಿನಕ್ಕೆ ಮಾಡುವ ದೈಹಿಕ ಶ್ರಮವೂ ಒಂದೇ ಅಲ್ಲ. ಇದಲ್ಲದೆ, ಕಾಲಿಗೆ ಗಾಯವಾಗಿ ವಾಸಿಯಾಗದೆ, ಕಣ್ಣು ಮಂಜಾಗಿ ಕೆಲಸ ಬಿಟ್ಟು ಊರಿಗೆ ಹೋದವರು ಹಾಜರಿ ಪುಸ್ತಕದಲ್ಲೇ ಇರುವುದಿಲ್ಲ. ದುಡಿಯುವವರನ್ನು ಮಾತ್ರ ಅಳೆದಾಗ ಕಾಯಿಲೆ ಇರುವುದಕ್ಕಿಂತ ಕಡಿಮೆ ಕಾಣುತ್ತದೆ. ಇದಕ್ಕೆ ‘ಆರೋಗ್ಯವಂತ ಕಾರ್ಮಿಕರ ಪರಿಣಾಮ’ ಎಂಬ ಹೆಸರೇ ಇದೆ. ಇವು ಯಾವುವೂ ನಿಮ್ಮ ಅಧ್ಯಯನವನ್ನು ಕೆಡಿಸುವುದಿಲ್ಲ. ಮಿತಿಗಳ ಭಾಗದಲ್ಲಿ ‘ಮಾದರಿ ಚಿಕ್ಕದು’ ಎಂಬ ಸವಕಲು ವಾಕ್ಯವನ್ನು ತೆಗೆದು ಇವನ್ನು ಬರೆದರೆ, ಬರೆದವರಿಗೆ ತೋಟ ಗೊತ್ತಿದೆ ಎಂದು ಓದುವವರಿಗೆ ತಿಳಿಯುತ್ತದೆ. ಶೀರ್ಷಿಕೆಯನ್ನು ‘ದಕ್ಷಿಣ ಕೊಡಗಿನ ಆರು ಕಾಫಿ ತೋಟಗಳ ಕಾರ್ಮಿಕರಲ್ಲಿ ರಕ್ತದ ಸಕ್ಕರೆಯ ಏರಿಕೆ: ಶಿಬಿರದ ದಾಖಲೆಗಳ ಅಡ್ಡಛೇದ ಅಧ್ಯಯನ’ ಎಂದು ಇಳಿಸಿ; ಅಡ್ಡಛೇದ ಎಂದರೆ ಒಂದು ಕಾಲಘಟ್ಟದಲ್ಲಿ ಒಮ್ಮೆ ಮಾತ್ರ ಅಳೆದದ್ದು. ಕೇಳಲು ಸಣ್ಣದೆನಿಸಬಹುದು, ಆದರೆ ಇದರಲ್ಲಿ ಸಂಪಾದಕರು ಅಲ್ಲಗಳೆಯುವಂಥದ್ದು ಏನೂ ಇಲ್ಲ.

‘ಮಧುಮೇಹ’ ಎಂಬ ಪದವನ್ನು ಶೀರ್ಷಿಕೆಯಿಂದ ತೆಗೆದು ‘ರಕ್ತದ ಸಕ್ಕರೆಯ ಏರಿಕೆ’ ಎಂದದ್ದಕ್ಕೆ ಕಾರಣವಿದೆ. ಖಾಲಿ ಹೊಟ್ಟೆಯಲ್ಲಿ ಡೆಸಿಲೀಟರಿಗೆ 126 ಮಿಲಿಗ್ರಾಂ ಅಥವಾ ಹೆಚ್ಚು, ಗ್ಲುಕೋಸ್ ಕುಡಿದ ಎರಡು ಗಂಟೆಗೆ 200 ಅಥವಾ ಹೆಚ್ಚು, ಎಚ್‌ಬಿಎ1ಸಿ ಶೇ 6.5 ಅಥವಾ ಹೆಚ್ಚು, ಇಲ್ಲವೇ ರೋಗಲಕ್ಷಣಗಳ ಜೊತೆಗೆ ಯಾವುದೇ ಹೊತ್ತಿನಲ್ಲಿ 200 ಅಥವಾ ಹೆಚ್ಚು ಎಂಬುದು ನಾವೆಲ್ಲ ಕಲಿತ ಮಾನದಂಡ. ಲಕ್ಷಣಗಳಿಲ್ಲದ ವ್ಯಕ್ತಿಗೆ ಕಾಯಿಲೆ ಇದೆ ಎನ್ನಲು ಎರಡು ಅಸಹಜ ಫಲಿತಾಂಶಗಳು ಬೇಕು. ನಿಮ್ಮ ಶಿಬಿರದಲ್ಲಿ ನೋಡಿದ್ದು ಯಾವುದೇ ಹೊತ್ತಿನ ಸಕ್ಕರೆಯನ್ನು, ಅದೂ ಬೆರಳ ತುದಿಯ ರಕ್ತದಲ್ಲಿ. ಗ್ಲುಕೋಮೀಟರ್‌ಗಳಿಗೆ ಸಂಬಂಧಿಸಿದ ಐಎಸ್‌ಒ 15197 ಮಾನದಂಡದ 2013ರ ಆವೃತ್ತಿಯೇ, ಓದುಗಳಲ್ಲಿ ಶೇ 95ರಷ್ಟು ಪ್ರಯೋಗಾಲಯದ ಮೌಲ್ಯದಿಂದ ಶೇ 15ರ ಅಂತರದೊಳಗೆ ಇದ್ದರೆ ಸಾಕು ಎನ್ನುತ್ತದೆ. ನೂರಕ್ಕಿಂತ ಕಡಿಮೆ ಇರುವ ಕಡೆ 15 ಮಿಲಿಗ್ರಾಂ ಅಂತರ. ಎಂದರೆ ನಿಮ್ಮ ಯಂತ್ರದಲ್ಲಿ 190 ಎಂದು ತೋರಿಸಿದವರ ನಿಜವಾದ ಸಕ್ಕರೆ 200 ದಾಟಿರಬಹುದು. ದೊಡ್ಡ ಸಮೀಕ್ಷೆಗಳಲ್ಲೂ ಬೆರಳ ರಕ್ತ ಬಳಸುತ್ತಾರೆ, ಹಾಗಾಗಿ ಅದು ದೋಷವೇನಲ್ಲ. ಆದರೆ ಯಂತ್ರದ ಹೆಸರು ಮತ್ತು ಮಾದರಿ, ರಕ್ತ ಹಾಕುವ ಪಟ್ಟಿಗಳ (ಸ್ಟ್ರಿಪ್) ಬ್ಯಾಚ್, ಎಷ್ಟು ದಿನಕ್ಕೊಮ್ಮೆ ಕಂಟ್ರೋಲ್ ದ್ರಾವಣ ಹಾಕಿ ಪರೀಕ್ಷಿಸಿದಿರಿ, ಊಟವಾಗಿ ಎಷ್ಟು ಹೊತ್ತಾಗಿತ್ತು ಎಂಬುದು ವಿಧಾನದ ಭಾಗದಲ್ಲಿ ಇರಲೇಬೇಕು. ಮಳೆಗಾಲದ ತೇವದಲ್ಲಿ ಪಟ್ಟಿಯ ಡಬ್ಬಿಯ ಮುಚ್ಚಳ ತೆರೆದಿಟ್ಟರೆ ಓದು ಕೆಡುತ್ತದೆ ಎಂಬುದು ಕೊಡಗಿನವರಿಗೆ ಹೇಳಬೇಕಾದ ಮಾತಲ್ಲ, ಆದರೆ ನೀವು ಏನು ಜಾಗ್ರತೆ ವಹಿಸಿದಿರಿ ಎಂಬುದನ್ನು ದೂರದ ವಿಮರ್ಶಕರಿಗೆ ಹೇಳಬೇಕು.

ಎಚ್‌ಬಿಎ1ಸಿ ವಿಷಯದಲ್ಲಿ ನಿಮ್ಮದೇ ದಾಖಲೆಯಲ್ಲಿ ಒಂದು ಒಳ್ಳೆಯ ಅಂಶ ಅಡಗಿ ಕುಳಿತಿದೆ, ನೀವು ಅದನ್ನು ಬಳಸಿಲ್ಲ. ನಿಮ್ಮ ನಮೂನೆಯಲ್ಲಿ ಹಿಮೋಗ್ಲೋಬಿನ್ ಕಾಲಂ ಇದೆ. ಕಬ್ಬಿಣದ ಕೊರತೆಯ ರಕ್ತಹೀನತೆ ಇದ್ದವರಲ್ಲಿ ಎಚ್‌ಬಿಎ1ಸಿ ಇರುವುದಕ್ಕಿಂತ ಹೆಚ್ಚು ತೋರಬಹುದು. ಕೆಂಪು ರಕ್ತಕಣಗಳು ಬೇಗ ಒಡೆಯುವ ಸ್ಥಿತಿಯಲ್ಲಿ ಕಡಿಮೆ ತೋರಬಹುದು. ಇಂಥ ಸ್ಥಿತಿಗಳಲ್ಲೊಂದಾದ ಸಿಕಲ್ ಸೆಲ್ ಎಂಬ ಆನುವಂಶಿಕ ರಕ್ತದ ಕಾಯಿಲೆ ನೀಲಗಿರಿಯ ಬುಡಕಟ್ಟು ಜನರಲ್ಲಿ ಇರುವುದು 1952ರಲ್ಲೇ ವರದಿಯಾಗಿತ್ತು. 2023ರ ಜುಲೈನಲ್ಲಿ ಆರಂಭವಾದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದಲ್ಲಿ ಕರ್ನಾಟಕವೂ ಸೇರಿದೆ. ನಿಮ್ಮ 412 ಜನರಲ್ಲಿ ಯರವ ಮತ್ತು ಜೇನುಕುರುಬ ಸಮುದಾಯದವರು ಇದ್ದಾರೆಂದು ನೀವೇ ಬರೆದಿದ್ದೀರಿ. ಅಂಥ ಕಡೆ ಎಚ್‌ಬಿಎ1ಸಿಯನ್ನು ಯಾವ ವಿಧಾನದಲ್ಲಿ ಅಳೆದರು, ಎಚ್‌ಪಿಎಲ್‌ಸಿಯೋ (ಘಟಕಗಳನ್ನು ಬೇರ್ಪಡಿಸಿ ಅಳೆಯುವುದು) ಇಮ್ಯುನೊಅಸ್ಸೆಯೋ (ಪ್ರತಿಕಾಯ ಬಳಸಿ ಅಳೆಯುವುದು), ಲ್ಯಾಬ್‌ನ ವಿಧಾನಕ್ಕೆ ಈ ಪರೀಕ್ಷೆಯ ಗುಣಮಟ್ಟ ನೋಡುವ ಎನ್‌ಜಿಎಸ್‌ಪಿಯ ಪ್ರಮಾಣೀಕರಣ ಇದೆಯೋ ಎಂಬ ಪ್ರಶ್ನೆ ಬಂದೇ ಬರುತ್ತದೆ. ಲ್ಯಾಬ್‌ನವರನ್ನು ಕೇಳಿ ಆ ಒಂದು ಸಾಲು ಸೇರಿಸಿ. ಹಿಮೋಗ್ಲೋಬಿನ್ ಕಡಿಮೆ ಇದ್ದವರಲ್ಲಿ ಗ್ಲುಕೋಮೀಟರ್ ಓದಿಗೂ ಎಚ್‌ಬಿಎ1ಸಿಗೂ ಎಷ್ಟು ಹೊಂದಾಣಿಕೆ ಇದೆ ಎಂಬ ಒಂದು ಕೋಷ್ಟಕ ಮಾಡಿದರೆ, ನನ್ನ ಅಭಿಪ್ರಾಯದಲ್ಲಿ, ಇಡೀ ಲೇಖನದ ತೂಕ ಅಲ್ಲಿಗೆ ಬರುತ್ತದೆ. ದೇಶದಲ್ಲಿ ಮಧುಮೇಹ ಎಷ್ಟಿದೆ ಎಂಬ ಪ್ರಶ್ನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಇಂಡಿಯಾಬ್ ಸಮೀಕ್ಷೆ 2023ರಲ್ಲಿ ಉತ್ತರ ಕೊಟ್ಟಾಗಿದೆ: ಶೇ 11.4, ಅಂದರೆ ಸುಮಾರು 10.1 ಕೋಟಿ ಜನ. ಅದರ ಪಕ್ಕದಲ್ಲಿ 412 ಜನರ ಇನ್ನೊಂದು ಶೇಕಡಾವಾರನ್ನು ಇಟ್ಟರೆ ಸಂಪಾದಕರಿಗೆ ಹೊಸದೇನೂ ಸಿಗುವುದಿಲ್ಲ. ರಕ್ತಹೀನತೆ ಇರುವ ದುಡಿಯುವ ಜನರಲ್ಲಿ ಈ ಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ ಎಂಬುದು ಇನ್ನೂ ಕೆಲಸ ಬೇಡುವ ಪ್ರಶ್ನೆ. ಒಂದು ಎಚ್ಚರಿಕೆ ಮಾತ್ರ: ಸಕ್ಕರೆ ಹೆಚ್ಚಿದ್ದವರಿಗಷ್ಟೇ ಎಚ್‌ಬಿಎ1ಸಿ ಮಾಡಿಸಿರುವುದರಿಂದ ಆ ಪರೀಕ್ಷೆಯ ಸೂಕ್ಷ್ಮತೆಯನ್ನು (ಕಾಯಿಲೆ ಇರುವವರಲ್ಲಿ ಎಷ್ಟು ಮಂದಿಯನ್ನು ಅದು ಪತ್ತೆಹಚ್ಚುತ್ತದೆ ಎಂಬುದನ್ನು) ನೀವು ಲೆಕ್ಕ ಹಾಕುವಂತಿಲ್ಲ, ಹಾಕಲು ಹೋಗಬೇಡಿ.

ಲೆಕ್ಕದ ಬಗ್ಗೆ ಇಷ್ಟು ಸಾಕು. 400 ಜನರಲ್ಲಿ 60 ಮಂದಿಗೆ ಇದೆ ಎಂದಿಟ್ಟುಕೊಳ್ಳಿ, ಅದು ಶೇ 15. ಅದರ ಶೇ 95 ವಿಶ್ವಾಸ ವ್ಯಾಪ್ತಿ (ನಿಜವಾದ ಪ್ರಮಾಣ ಇರಬಹುದಾದ ಅಂದಾಜು ಮಿತಿಗಳು) ಸುಮಾರು 11.5ರಿಂದ 18.5. ನೀವು ಈ ವ್ಯಾಪ್ತಿಯನ್ನೇ ಕೊಟ್ಟಿಲ್ಲ. ಕೊಡುವಾಗ ಇನ್ನೊಂದು ತೊಡಕಿದೆ: ಒಂದೇ ತೋಟದವರು ಒಂದೇ ಅಂಗಡಿಯ ಅಕ್ಕಿ ತಿಂದು ಒಂದೇ ಬಗೆಯ ಕೆಲಸ ಮಾಡುವುದರಿಂದ ಅವರು ಒಬ್ಬರಿಗೊಬ್ಬರು ಹೋಲುತ್ತಾರೆ, ಆದ್ದರಿಂದ ನಿಜವಾದ ವ್ಯಾಪ್ತಿ ಇದಕ್ಕಿಂತ ಅಗಲವಾಗಿರುತ್ತದೆ. ಆರು ಗುಂಪುಗಳಿರುವ ಮಾದರಿ ಎಂಬುದನ್ನು ಸಂಖ್ಯಾಶಾಸ್ತ್ರಜ್ಞರಿಗೆ ಮೊದಲೇ ಹೇಳಿ ಅವರಿಂದಲೇ ಲೆಕ್ಕ ಮಾಡಿಸಿ. ಪಿ ಮೌಲ್ಯವನ್ನು (ನಿಜವಾಗಿ ವ್ಯತ್ಯಾಸವಿಲ್ಲದಿದ್ದರೂ ಆಕಸ್ಮಿಕವಾಗಿ ಇಷ್ಟು ವ್ಯತ್ಯಾಸ ಕಾಣುವ ಸಂಭವವನ್ನು) ‘0.000’ ಎಂದು ಬರೆದಿದ್ದೀರಿ; ಸಾಫ್ಟ್‌ವೇರ್ ಹಾಗೆ ತೋರಿಸುತ್ತದೆ, ಲೇಖನದಲ್ಲಿ ‘0.001ಕ್ಕಿಂತ ಕಡಿಮೆ’ ಎಂದಿರಬೇಕು. ತೂಕದ ವರ್ಗೀಕರಣಕ್ಕೆ ಬಿಎಂಐ (ಎತ್ತರಕ್ಕೆ ಹೋಲಿಸಿದ ತೂಕದ ಸೂಚ್ಯಂಕ) 25 ಮತ್ತು 30ರ ಗಡಿ ಬಳಸಿದ್ದೀರಿ, ಭಾರತೀಯರಿಗೆ 2009ರ ಒಮ್ಮತದಂತೆ 23 ಮತ್ತು 25. ಎಚ್‌ಬಿಎ1ಸಿಯನ್ನು ಶೇಕಡಾ ಮತ್ತು ಮೋಲ್‌ಗೆ ಮಿಲಿಮೋಲ್ ಎಂಬ ಎರಡೂ ಮಾನದಲ್ಲಿ ಹಲವು ಜರ್ನಲ್‌ಗಳು ಕೇಳುತ್ತವೆ, 6.5 ಎಂದರೆ 48. ಗ್ಲುಕೋಸ್‌ನ ಮಿಲಿಗ್ರಾಂ ಸಂಖ್ಯೆಯನ್ನು 18ರಿಂದ ಭಾಗಿಸಿದರೆ ಮಿಲಿಮೋಲ್ ಸಿಗುತ್ತದೆ. ಆಹಾರದ ಪ್ರಶ್ನಾವಳಿಯನ್ನು ಬೇರೆ ಊರಿನಿಂದ ಹಾಗೇ ತಂದಂತಿದೆ: ಚಪಾತಿ, ಬ್ರೆಡ್ ಎಲ್ಲ ಇವೆ, ಅಕ್ಕಿರೊಟ್ಟಿ, ಕಡಂಬುಟ್ಟು, ನೂಲ್‌ಪುಟ್ಟು ಇಲ್ಲ. ಆ ಭಾಗವನ್ನು ಬಿಟ್ಟುಬಿಡುವುದೇ ಒಳ್ಳೆಯದು.

ಈಗ ಎಥಿಕ್ಸ್ ಕಮಿಟಿಯ ವಿಷಯಕ್ಕೆ ಬರುತ್ತೇನೆ. ಇದರಲ್ಲಿ ಅಡ್ಡದಾರಿ ಇಲ್ಲ. ಮುಗಿದ ಕೆಲಸಕ್ಕೆ ಹಿಂದಿನ ದಿನಾಂಕ ಹಾಕಿದ ಅನುಮತಿ ಪತ್ರ ಕೊಡಿಸುತ್ತೇನೆ ಎನ್ನುವವರು ಸಿಗುತ್ತಾರೆ. ಅದನ್ನು ಮುಟ್ಟಬೇಡಿ, ಅದು ಲೇಖನವನ್ನು ಮಾತ್ರವಲ್ಲ, ನಿಮ್ಮ ಹೆಸರನ್ನೂ ಹಾಳುಮಾಡುತ್ತದೆ. ಶಿಬಿರ ನಡೆದದ್ದು ಚಿಕಿತ್ಸೆಯ ಸೇವೆಯಾಗಿ, ದಾಖಲೆಗಳು ಹುಟ್ಟಿದ್ದು ಹಾಗೆ. ಈಗ ಆ ದಾಖಲೆಗಳನ್ನು ಹೆಸರು, ವಿಳಾಸ, ಫೋನ್ ಸಂಖ್ಯೆ ತೆಗೆದು ಸಂಶೋಧನೆಗೆ ಬಳಸಲು ಅನುಮತಿ ಬೇಕು ಎಂದು ಒಂದು ಹೊಸ ಪ್ರೋಟೊಕಾಲ್ ಬರೆದು ಕಮಿಟಿಯ ಮುಂದಿಡಿ. ಗುರುತು ತೆಗೆದ ಹಳೆಯ ದಾಖಲೆಗಳ ಅಧ್ಯಯನಕ್ಕೆ ಒಪ್ಪಿಗೆ ಪತ್ರದಿಂದ ವಿನಾಯಿತಿ ನೀಡುವ ಅವಕಾಶ ಐಸಿಎಂಆರ್‌ನ 2017ರ ನೈತಿಕ ಮಾರ್ಗಸೂಚಿಯಲ್ಲಿ ಇದೆ. ನೀಡುವುದೋ ಬಿಡುವುದೋ ಕಮಿಟಿಯ ವಿವೇಚನೆ. ನಿಮ್ಮ ಕ್ಲಿನಿಕ್‌ಗೆ ಕಮಿಟಿ ಇಲ್ಲದಿರುವುದು ಸಹಜ, ಇನ್ನೊಂದು ಸಂಸ್ಥೆಯ ನೋಂದಾಯಿತ ಕಮಿಟಿಯ ಮೂಲಕ ಹೋಗಬಹುದು. ವೈದ್ಯಕೀಯ ಕಾಲೇಜಿನ ಸಮುದಾಯ ವೈದ್ಯಶಾಸ್ತ್ರ ವಿಭಾಗದ ಯಾರನ್ನಾದರೂ ಸಹಲೇಖಕರಾಗಿ, ನಿಜವಾಗಿ ಕೆಲಸ ಮಾಡುವ ಸಹಲೇಖಕರಾಗಿ, ಸೇರಿಸಿಕೊಂಡರೆ ಈ ದಾರಿಯೂ ಸಂಖ್ಯಾಶಾಸ್ತ್ರದ ದಾರಿಯೂ ಒಟ್ಟಿಗೆ ತೆರೆಯುತ್ತದೆ. ಹಸ್ತಪ್ರತಿಯಲ್ಲಿ ದಿನಾಂಕಗಳನ್ನು ಇದ್ದದ್ದು ಇದ್ದಂತೆ ಬರೆಯಿರಿ: ಶಿಬಿರ ಇಂಥ ತಿಂಗಳು, ಅನುಮತಿ ಇಂಥ ದಿನ, ವಿಶ್ಲೇಷಣೆ ಆರಂಭಿಸಿದ್ದು ಅದರ ನಂತರ. ಈಗಾಗಲೇ ಮಾಡಿರುವ ವಿಶ್ಲೇಷಣೆಯನ್ನು ಬದಿಗಿಟ್ಟು ಹೊಸದಾಗಿ ಮಾಡಬೇಕಾದೀತು, ಮತ್ತು ಕರಡೊಂದನ್ನು ಮೊದಲೇ ಮಾಡಿದ್ದೆ ಎಂಬುದನ್ನು ಕಮಿಟಿಯಿಂದ ಮುಚ್ಚಿಡಬಾರದು.

ಒಂದು ವಾಕ್ಯವನ್ನು ಮಾತ್ರ ಈಗಲೇ ಹೊಡೆದು ಹಾಕಿ: ‘ತೋಟದ ಮಾಲೀಕರ ಒಪ್ಪಿಗೆ ಪಡೆಯಲಾಗಿದೆ.’ ಮಾಲೀಕರು ಒಪ್ಪಿದ್ದು ತಮ್ಮ ಕಣದಲ್ಲಿ ಮೇಜು ಹಾಕಲು. ಕಾರ್ಮಿಕನ ರಕ್ತಕ್ಕೆ ಕಾರ್ಮಿಕನೇ ಒಪ್ಪಬೇಕು. ದುಡಿಸುವವರ ಎದುರು ದುಡಿಯುವವರು ಬೇಡ ಎನ್ನಲು ಹಿಂಜರಿಯುತ್ತಾರೆ ಎಂಬ ಕಾರಣಕ್ಕೇ ಇಂಥ ಅಧ್ಯಯನಗಳನ್ನು ಕಮಿಟಿಗಳು ಹೆಚ್ಚು ಎಚ್ಚರಿಕೆಯಿಂದ ನೋಡುತ್ತವೆ. ಬುಡಕಟ್ಟು ಸಮುದಾಯದವರ ವಿಷಯದಲ್ಲಿ ಹಾಡಿಯ ಹಿರಿಯರ ಮಾತು ಕೇಳುವುದು ಸರಿಯಾದ ಕ್ರಮ, ಆದರೂ ಅದು ವ್ಯಕ್ತಿಯ ಒಪ್ಪಿಗೆಯ ಸ್ಥಾನಕ್ಕೆ ಬರುವುದಿಲ್ಲ. ಯಾರ ಸಕ್ಕರೆ ಎಷ್ಟು ಎಂಬ ಪಟ್ಟಿ ರೈಟರ್ ಕೈಗೆ ಹೋಗಿತ್ತೇ? ಕಮಿಟಿ ಇದನ್ನು ಕೇಳುತ್ತದೆ, ಉತ್ತರ ಸಿದ್ಧವಾಗಿರಲಿ.

ಮುಂದೊಂದು ದಿನ ಇದೇ ಕಾರ್ಮಿಕರಿಗೆ ಆಹಾರ ಸಲಹೆ ಕೊಟ್ಟು ಫಲಿತಾಂಶ ನೋಡುವ ಯೋಚನೆ ಇದೆಯೆಂದು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ಅದು ಪ್ರಯೋಗವಾಗುತ್ತದೆ. ಮೊದಲ ವ್ಯಕ್ತಿಯನ್ನು ಸೇರಿಸಿಕೊಳ್ಳುವ ಮೊದಲೇ ಕ್ಲಿನಿಕಲ್ ಟ್ರಯಲ್ಸ್ ರಿಜಿಸ್ಟ್ರಿ ಆಫ್ ಇಂಡಿಯಾದಲ್ಲಿ ನೋಂದಾಯಿಸಿ. 2018ರ ಏಪ್ರಿಲ್ 1ರಿಂದ ಅಲ್ಲಿ ಆಮೇಲೆ ನೋಂದಾಯಿಸಲು ಬರುವುದಿಲ್ಲ.

ಲೇಖಕರ ಪಟ್ಟಿಗೆ ಬರೋಣ. ವೈದ್ಯಕೀಯ ಜರ್ನಲ್ ಸಂಪಾದಕರ ಅಂತರರಾಷ್ಟ್ರೀಯ ಸಮಿತಿ, ಅಂದರೆ 1978ರಲ್ಲಿ ವ್ಯಾಂಕೂವರ್‌ನಲ್ಲಿ ಸೇರಿದ ಗುಂಪಿನಿಂದ ಬೆಳೆದ ಐಸಿಎಂಜೆಇ, ನಾಲ್ಕು ಷರತ್ತುಗಳನ್ನು ಇಟ್ಟಿದೆ. ಯೋಜನೆ, ಮಾಹಿತಿ ಸಂಗ್ರಹ ಅಥವಾ ವಿಶ್ಲೇಷಣೆಯಲ್ಲಿ ಗಣನೀಯ ಪಾಲು ಇರಬೇಕು. ಬರೆದಿರಬೇಕು ಅಥವಾ ಬರೆದದ್ದನ್ನು ಅರ್ಥಪೂರ್ಣವಾಗಿ ತಿದ್ದಿರಬೇಕು. ಅಂತಿಮ ಪ್ರತಿಗೆ ಒಪ್ಪಿರಬೇಕು. ಲೇಖನದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದರೆ ಉತ್ತರಿಸುವ ಹೊಣೆ ಹೊರಬೇಕು. ನಾಲ್ಕೂ ಇರಬೇಕು, ಒಂದೆರಡು ಇದ್ದರೆ ಸಾಲದು. ಜೀಪು ಕೊಟ್ಟ ಮಾಲೀಕರಿಗೆ ಕೃತಜ್ಞತೆಯ ಭಾಗದಲ್ಲಿ, ಅವರ ಅನುಮತಿ ಪಡೆದು, ಗೌರವದಿಂದ ಒಂದು ಸಾಲು ಬರೆಯಿರಿ; ಜೀಪು, ಡೀಸೆಲ್, ಮಧ್ಯಾಹ್ನದ ಊಟ ಅವರದಾಗಿತ್ತು ಎಂಬುದನ್ನು ನೆರವಿನ ಘೋಷಣೆಯಲ್ಲೂ ಹೇಳಬೇಕು, ಏಕೆಂದರೆ ಅಧ್ಯಯನಕ್ಕೆ ಒಳಗಾದವರು ಅವರ ಕಾರ್ಮಿಕರೇ. ಇದಕ್ಕೆ ತದ್ವಿರುದ್ಧವಾಗಿ, ಆರು ಶಿಬಿರಗಳಲ್ಲೂ ಕುಳಿತು ನಮೂನೆ ತುಂಬಿ, ಆಮೇಲೆ ಕಂಪ್ಯೂಟರಿಗೂ ಏರಿಸಿದ ನಿಮ್ಮ ನರ್ಸ್ ಹೆಸರು ಪಟ್ಟಿಯಲ್ಲಿ ಇಲ್ಲ. ಅವರಿಗೆ ಕರಡು ಓದಿಸಿ, ಅವರ ತಿದ್ದುಪಡಿಗಳನ್ನು ಕೇಳಿ, ಒಪ್ಪಿಗೆ ಪಡೆದರೆ ಅವರು ಲೇಖಕಿಯಾಗಲು ಅರ್ಹರು. ಶಿಬಿರದ ಗಂಧಗಾಳಿ ಇಲ್ಲದ ಹಿರಿಯ ಪ್ರಾಧ್ಯಾಪಕರೊಬ್ಬರ ಹೆಸರು ಮಾತ್ರ ಎರಡನೆಯ ಸ್ಥಾನದಲ್ಲಿದೆ. ಇದರ ಬಗ್ಗೆ ನಾನು ಹೆಚ್ಚು ಹೇಳುವುದಿಲ್ಲ, ನಮ್ಮ ವೃತ್ತಿಯಲ್ಲಿ ಇದು ಎಲ್ಲರಿಗೂ ಗೊತ್ತಿರುವ ರೋಗ.

ಹತ್ತು ದಿನದ ಇಮೇಲ್ ಅನ್ನು ನಂಬಬೇಡಿ. ‘ಗೌರವಾನ್ವಿತ ಪ್ರೊಫೆಸರ್, ನಿಮ್ಮ ಅಮೂಲ್ಯ ಲೇಖನವನ್ನು ಓದಿ ಬೆರಗಾದೆವು’ ಎಂದು ಆರಂಭವಾಗಿದೆ, ಆದರೆ ನೀವು ಇಲ್ಲಿಯವರೆಗೆ ಏನನ್ನೂ ಪ್ರಕಟಿಸಿಲ್ಲ. ವಿಮರ್ಶೆಯೇ ಮಾಡದೆ ಹಣ ಪಡೆದು ಪ್ರಕಟಿಸುವ ದಂಧೆ ನಮ್ಮ ಪಕ್ಕದ ರಾಜ್ಯಗಳಲ್ಲೇ ಬೆಳೆದಿದೆ: ಹೈದರಾಬಾದ್ ಮೂಲದ ಒಂದು ಪ್ರಕಾಶನ ಸಂಸ್ಥೆಯ ವಿರುದ್ಧ ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2016ರಲ್ಲಿ ಮೊಕದ್ದಮೆ ಹೂಡಿತು, 2019ರಲ್ಲಿ ಅಲ್ಲಿನ ನ್ಯಾಯಾಲಯ 5 ಕೋಟಿ ಡಾಲರಿಗೂ ಹೆಚ್ಚು ಮೊತ್ತ ತೆರುವಂತೆ ಆದೇಶಿಸಿತು. ನಿಯತಕಾಲಿಕೆಗಳ ಗುರುತಿಗೆ ಕೊಡುವ ಐಎಸ್‌ಎಸ್‌ಎನ್ ಸಂಖ್ಯೆ ಇದೆ ಎಂಬುದು ಯೋಗ್ಯತೆಯ ಸಾಕ್ಷಿಯಲ್ಲ, ಅದು ವಾಹನದ ನಂಬರ್ ಪ್ಲೇಟಿನಂತೆ, ಕೇಳಿದವರಿಗೆಲ್ಲ ಸಿಗುತ್ತದೆ. ‘ಗೂಗಲ್ ಸ್ಕಾಲರ್‌ನಲ್ಲಿ ಸೂಚಿತ’ ಎಂಬುದಕ್ಕೂ ಅಷ್ಟೇ ಬೆಲೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಕ್ಯಾಟಲಾಗ್‌ನಲ್ಲಿ ಜರ್ನಲ್‌ನ ಹೆಸರು ಹಾಕಿ, ಆ ಗ್ರಂಥಾಲಯ ಆರಿಸಿದ ಜರ್ನಲ್‌ಗಳ ಸೂಚಿಯಾದ ಮೆಡ್‌ಲೈನ್‌ನಲ್ಲಿ ಅದು ಈಗ ಇದೆಯೇ ನೋಡಿ. ಯಾರು ಬೇಕಾದರೂ ಉಚಿತವಾಗಿ ಓದಬಹುದಾದ ಮುಕ್ತ ಜರ್ನಲ್ ಆದರೆ ಅಂಥವುಗಳ ಡಿಒಎಜೆ ಪಟ್ಟಿಯಲ್ಲಿ ಹುಡುಕಿ. ಸಂಪಾದಕ ಮಂಡಳಿಯಲ್ಲಿರುವ ಇಬ್ಬರಿಗೆ ಅವರ ಸಂಸ್ಥೆಯ ವಿಳಾಸದಲ್ಲೇ ಇಮೇಲ್ ಬರೆದು, ನೀವು ನಿಜವಾಗಿ ಇದರಲ್ಲಿದ್ದೀರಾ ಎಂದು ಕೇಳಿ. ನಾನೊಮ್ಮೆ ಹಾಗೆ ಕೇಳಿದಾಗ, ಪಟ್ಟಿಯಲ್ಲಿದ್ದ ಗೃಹಸ್ಥರು ತಮ್ಮ ಹೆಸರು ಅಲ್ಲಿರುವುದನ್ನು ಮೊದಲ ಬಾರಿಗೆ ನನ್ನಿಂದಲೇ ತಿಳಿದರು.

ಹಾಗಾದರೆ ಎಲ್ಲಿಗೆ? ಅಮೆರಿಕನ್ ಡಯಾಬಿಟಿಸ್ ಅಸೋಸಿಯೇಷನ್‌ನ ‘ಡಯಾಬಿಟಿಸ್ ಕೇರ್’ ಅಥವಾ ಯುರೋಪಿನ ಮಧುಮೇಹ ಸಂಘದ ‘ಡಯಾಬಿಟೊಲೋಜಿಯಾ’ ನೋಡುವ ಆಸೆ ನಿಮ್ಮ ಪತ್ರದಲ್ಲಿದೆ. ಅವು ಈ ಅಧ್ಯಯನಕ್ಕೆ ತಕ್ಕವಲ್ಲ ಎಂದು ನೇರವಾಗಿ ಹೇಳುವುದೇ ನಿಮಗೆ ಮಾಡುವ ಉಪಕಾರ. ಅಲ್ಲಿ ವಿಮರ್ಶಕರಿಗೆ ಹೋಗುವ ಮೊದಲೇ ಸಂಪಾದಕರ ಮೇಜಿನಿಂದ ಹಿಂದಿರುಗುವ ಹಸ್ತಪ್ರತಿಗಳೇ ಹೆಚ್ಚು. ಭಾರತದ ಮಧುಮೇಹ ಸಂಶೋಧಕರ ಸಂಘ ಆರ್‌ಎಸ್‌ಎಸ್‌ಡಿಐ, 1972ರಿಂದ ಇರುವಂಥದ್ದು, ಹೊರತರುವ ‘ಇಂಟರ್‌ನ್ಯಾಷನಲ್ ಜರ್ನಲ್ ಆಫ್ ಡಯಾಬಿಟಿಸ್ ಇನ್ ಡೆವಲಪಿಂಗ್ ಕಂಟ್ರೀಸ್’ ನಿಮ್ಮ ಮೊದಲ ಆಯ್ಕೆಯಾಗಬಹುದು. ಹಿಮೋಗ್ಲೋಬಿನ್ ಕೋಷ್ಟಕ ಮಾಡದೆ, ಕಾರ್ಮಿಕರ ಆರೋಗ್ಯವನ್ನೇ ಮುಂದಿಟ್ಟು ಬರೆಯುವುದಾದರೆ ‘ಇಂಡಿಯನ್ ಜರ್ನಲ್ ಆಫ್ ಆಕ್ಯುಪೇಷನಲ್ ಆ್ಯಂಡ್ ಎನ್ವಿರಾನ್‌ಮೆಂಟಲ್ ಮೆಡಿಸಿನ್’ ಇನ್ನೂ ಚೆನ್ನಾಗಿ ಹೊಂದುತ್ತದೆ. ಆಯ್ಕೆ ಮಾಡಿದ ಜರ್ನಲ್‌ನ ಕಳೆದ ಒಂದು ವರ್ಷದ ಸಂಚಿಕೆಗಳ ವಿಷಯಸೂಚಿಯನ್ನು ಓದಿ. ನಿಮ್ಮಂಥ ಒಂದು ಅಧ್ಯಯನವೂ ಅಲ್ಲಿ ಕಾಣದಿದ್ದರೆ ಬೇರೆಯದನ್ನು ನೋಡಿ. ಶುಲ್ಕದ ಪುಟವನ್ನು ಕಳುಹಿಸುವ ಮೊದಲೇ ಓದಿ. ಕೆಲವು ಜರ್ನಲ್‌ಗಳಲ್ಲಿ ಚಂದಾದಾರರಿಗೆ ಮಾತ್ರ ತೆರೆಯುವ ದಾರಿ ಆರಿಸಿಕೊಂಡರೆ ಲೇಖಕರು ಹಣ ಕೊಡಬೇಕಾಗಿಲ್ಲ. ಒಂದು ಸಲಕ್ಕೆ ಒಂದೇ ಜರ್ನಲ್. ಎರಡು ಕಡೆ ಒಟ್ಟಿಗೆ ಕಳುಹಿಸಿ ಬೇಗ ಬಂದದ್ದನ್ನು ಹಿಡಿಯುವುದು ನಿಯಮಬಾಹಿರ.

ಕಳುಹಿಸುವ ಕೆಲಸ ಹೆಚ್ಚು ಕಷ್ಟದ್ದಲ್ಲ, ಕಿರಿಕಿರಿಯದು. ಲೇಖಕರ ಸೂಚನೆಗಳನ್ನು ಮುದ್ರಿಸಿ ಪಕ್ಕದಲ್ಲಿಟ್ಟುಕೊಂಡು ಅದರಂತೆ ಪದಗಳ ಮಿತಿ, ಸಾರಾಂಶದ ರೂಪ, ಉಲ್ಲೇಖಗಳ ಶೈಲಿ ಸರಿಪಡಿಸಿ. ನಿಮ್ಮಂಥ ಅವಲೋಕನ ಅಧ್ಯಯನಕ್ಕೆ ಲೇಖನದಲ್ಲಿ ಏನೇನು ಇರಬೇಕೆಂದು ಹೇಳುವ, 2007ರಲ್ಲಿ ಬಂದ ಸ್ಟ್ರೋಬ್ ತಪಶೀಲು ಪಟ್ಟಿ ಇದೆ. ಅದರ 22 ಅಂಶಗಳ ಎದುರು ಪುಟ ಸಂಖ್ಯೆ ಬರೆಯುತ್ತ ಹೋದರೆ ಮೇಲೆ ನಾನು ಹೇಳಿದ ಅರ್ಧದಷ್ಟು ಕೊರತೆಗಳು ತಾವಾಗಿ ಕಣ್ಣಿಗೆ ಬೀಳುತ್ತವೆ. ಲೇಖಕರ ಗುರುತಿಗೆ ಆರ್ಕಿಡ್ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಮುಖಪತ್ರ ಅರ್ಧ ಪುಟ ಸಾಕು, ಸಂಪಾದಕರ ಹೆಸರು ಮತ್ತು ಜರ್ನಲ್‌ನ ಹೆಸರು ಸರಿಯಾಗಿರಲಿ. ಇದನ್ನು ಹೇಳಲು ನನಗೆ ಕಾರಣವಿದೆ. ನನ್ನ ಮೊದಲ ಲೇಖನವನ್ನು ಬೆರಳಚ್ಚು ಮಾಡಿಸಿ, ಮೂರು ಪ್ರತಿಗಳನ್ನು ಮಡಿಕೇರಿಯ ಅಂಚೆ ಕಚೇರಿಯಿಂದ ರಿಜಿಸ್ಟರ್ ಮಾಡಿ ಕಳುಹಿಸಿದೆ. ತಿಂಗಳ ನಂತರ ಅದೇ ಕವರು ಹಿಂದಿರುಗಿತು. ಮೊದಲು ತಿರಸ್ಕರಿಸಿದ್ದ ಜರ್ನಲ್‌ನ ಹೆಸರನ್ನು ಮುಖಪತ್ರದಲ್ಲಿ ಬದಲಿಸಲು ಮರೆತಿದ್ದೆ, ಸಂಪಾದಕರು ಅದರ ಕೆಳಗೆ ಕೆಂಪು ಗೆರೆ ಎಳೆದು, ಬೇರೇನೂ ಬರೆಯದೆ ಕಳುಹಿಸಿದ್ದರು.

ಇಂಗ್ಲಿಷ್ ಬಗ್ಗೆ ನೀವು ಪಡುವಷ್ಟು ಸಂಕೋಚ ಬೇಡ. ಸಣ್ಣ ವಾಕ್ಯಗಳಲ್ಲಿ, ಏನು ಮಾಡಿದಿರೋ ಅದನ್ನು ಬರೆದರೆ ವಿಮರ್ಶಕರು ಭಾಷೆಯನ್ನು ಕ್ಷಮಿಸುತ್ತಾರೆ. ‘ಮಧುಮೇಹಿ’ ಎಂದು ಕಾಯಿಲೆಯಿಂದಲೇ ವ್ಯಕ್ತಿಯನ್ನು ಕರೆಯುವ ಬದಲು ‘ಮಧುಮೇಹ ಇರುವ ವ್ಯಕ್ತಿ’ ಎಂಬರ್ಥದ ಪದವನ್ನು 2017ರಿಂದ ಈ ಕ್ಷೇತ್ರದ ಜರ್ನಲ್‌ಗಳು ಬಯಸುತ್ತವೆ, ಅದನ್ನು ಪೂರ್ತಿ ಬದಲಿಸಿ. ಎಐ ಸಾಧನದಿಂದ ವ್ಯಾಕರಣ ತಿದ್ದಿಸಿಕೊಳ್ಳಬಹುದು, ತಿದ್ದಿಸಿಕೊಂಡಿದ್ದೇನೆ ಎಂದು ಹೇಳಿಕೊಳ್ಳಬೇಕು. ಎಐ ಲೇಖಕನಾಗಲು ಸಾಧ್ಯವಿಲ್ಲ ಎಂದು ಐಸಿಎಂಜೆಇ 2023ರಲ್ಲಿ ಸ್ಪಷ್ಟಪಡಿಸಿದೆ. ಉಲ್ಲೇಖಗಳನ್ನು ಅದರಿಂದ ಕೇಳಿ ಪಡೆಯಬೇಡಿ. ನಿಮ್ಮ ಪಟ್ಟಿಯ ಹದಿನೇಳನೆಯ ಉಲ್ಲೇಖವನ್ನು ನಾನು ಹುಡುಕಿದೆ. ಜರ್ನಲ್ ಇದೆ, ಸಂಪುಟ ಇದೆ, ಆ ಪುಟದಲ್ಲಿರುವುದು ಬೇರೆಯೇ ಲೇಖನ. ಅದು ಎಲ್ಲಿಂದ ಬಂತೆಂದು ನಾನು ಕೇಳುವುದಿಲ್ಲ, ಸಂಪಾದಕರು ಕೇಳುತ್ತಾರೆ.

ಉತ್ತರ ಬರಲು ತಿಂಗಳುಗಳೇ ಹಿಡಿಯಬಹುದು. ‘ಗಣನೀಯ ತಿದ್ದುಪಡಿ ಬೇಕು’ ಎಂದು ಬಂದರೆ ಅದನ್ನು ಶುಭವಾರ್ತೆ ಎಂದೇ ತಿಳಿಯಿರಿ. ವಿಮರ್ಶಕರ ಪ್ರತಿಯೊಂದು ಮಾತನ್ನೂ ನಕಲು ಮಾಡಿ ಅದರ ಕೆಳಗೆ ನಿಮ್ಮ ಉತ್ತರ, ಹಸ್ತಪ್ರತಿಯಲ್ಲಿ ಬದಲಿಸಿದ ಸಾಲು ಮತ್ತು ಪುಟ ಸಂಖ್ಯೆ ಬರೆಯಿರಿ. ಅವರು ತಪ್ಪು ಹೇಳಿದಾಗ ಒಪ್ಪಬೇಕಿಲ್ಲ. ಉದಾಹರಣೆಗೆ, ಎಲ್ಲರಿಗೂ ಗ್ಲುಕೋಸ್ ಕುಡಿಸಿ ಎರಡು ಗಂಟೆಯ ಪರೀಕ್ಷೆ ಏಕೆ ಮಾಡಲಿಲ್ಲ ಎಂದು ಒಬ್ಬರು ಕೇಳಿಯೇ ಕೇಳುತ್ತಾರೆ. ‘ಅವರ ಒಂದೇ ರಜೆಯ ದಿನದಲ್ಲಿ ಎರಡು ಗಂಟೆ ಕೂರಿಸುವುದು ಆಗದ ಮಾತಾಗಿತ್ತು, ಇದರಿಂದ ಕೆಲವು ಪ್ರಕರಣಗಳು ತಪ್ಪಿಹೋಗಿರಬಹುದು ಎಂದು ಪುಟ 9ರಲ್ಲಿ ಸೇರಿಸಿದ್ದೇವೆ’ ಎಂದು ಬರೆಯಿರಿ. ಧನ್ಯವಾದ ಒಮ್ಮೆ ಹೇಳಿದರೆ ಸಾಕು, ಪ್ರತಿ ಉತ್ತರಕ್ಕೂ ಬೇಡ.

ಕೊನೆಯದಾಗಿ ಒಂದು ಚಿಕ್ಕ ಕೆಲಸ ಉಳಿದಿದೆ. ಸಾರಾಂಶದಲ್ಲಿ 412 ಎಂದಿದೆ, ಮೂರನೆಯ ಕೋಷ್ಟಕದ ವಯೋಗುಂಪುಗಳನ್ನು ಕೂಡಿಸಿದರೆ 409 ಬರುತ್ತದೆ. ವಿಮರ್ಶಕರು ಮೊದಲು ಮಾಡುವ ಕೆಲಸವೇ ಈ ಕೂಡಿಸುವುದು. ಆ ಮೂವರು ವಯಸ್ಸು ಗೊತ್ತಿಲ್ಲ ಎಂದವರೋ, ನಮೂನೆ ಖಾಲಿ ಬಿಟ್ಟವರೋ, ಎರಡು ಸಲ ಎಣಿಸಲ್ಪಟ್ಟವರೋ ಎಂಬುದನ್ನು ಶಿಬಿರದ ಮೂಲ ರಿಜಿಸ್ಟರ್ ತೆರೆದು ಹುಡುಕಿ, ಕೋಷ್ಟಕದ ಅಡಿಯಲ್ಲಿ ಒಂದು ಸಾಲು ಬರೆಯಿರಿ. ಕಮಿಟಿಯ ಅನುಮತಿ ಬಂದ ಮೇಲೆ ಹೊಸ ಪ್ರತಿಯನ್ನು ಕಳುಹಿಸಿದರೆ ಇನ್ನೊಮ್ಮೆ ಪೆನ್ಸಿಲ್ ಹಿಡಿದು ಓದಿಕೊಡುತ್ತೇನೆ.